ಎರೆಯ ನೆಲ, ಕಾಲುವೆಯ ನೀರು, ಪೇಟೆಯ ಬಾಳು

(ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಹಿಡುವಳಿದಾರರ ಮತ್ತು ಗ್ರಾಮದ ಮುಖಂಡರ ತಿಳಿವಳಿಕೆಗಾಗಿ)

೧. ಪೀಠಿಕೆ

ಒಂದು ಸಣ್ಣ ಪೇಟೆಯ ಸ್ಥಿತಿಗತಿಯನ್ನು ಅರಿಯಬೇಕಾದವರು ಅಲ್ಲಿಯ ಅಂಗಡಿಗಳನ್ನು ಎಣಿಸಬೇಕಾದುದಿಲ್ಲ; ಸುತ್ತಣ ಹತ್ತು ಹಳ್ಳಿಗಳ ಹೊಲಗಳನ್ನು ನೋಡಿದರೆ ಸಾಕು. ರಾಶಿ ಚೆನ್ನಾಗಿ ಆದ ವರ್ಷ ಬಟ್ಟೆಯ ಅಂಗಡಿಯೂ ಕಮ್ಮಾರನ ಕುಲುಮೆಯೂ ಅಡತಿಯ ಮಳಿಗೆಯೂ ಒಟ್ಟಿಗೆ ಬಾಳುವುವು. ರಾಶಿ ಕೆಟ್ಟ ವರ್ಷ ಸಂತೆಯ ದಿನವೂ ಬೀದಿ ಬರಿದಾಗಿರುವುದು. ಹೀಗಿರುವುದರಿಂದ ಪೇಟೆಯ ಏಳಿಗೆಯ ಮಾತು ಕಟ್ಟಕಡೆಗೆ ಮಣ್ಣಿನ ಮಾತೇ ಆಗುವುದು.

ಕೃಷ್ಣಾ ಭೀಮಾ ನದಿಗಳ ಈ ಸೀಮೆಯಲ್ಲಿ ಮಣ್ಣು ಸ್ವಭಾವತಃ ಒಳ್ಳೆಯದು. ನೀರು ಮಾತ್ರ ಬಹುಕಾಲ ಕೊರತೆಯಾಗಿದ್ದಿತು. ಈಗ ಹಲವು ಗ್ರಾಮಗಳಿಗೆ ಕಾಲುವೆಯ ನೀರು ಬಂದಿದೆ. ಆದರೆ ಮಿತಿಯಿಲ್ಲದೆ ಹಾಯಿಸಿದ ನೀರು ಎರೆಯ ನೆಲವನ್ನೇ ಕೆಡಿಸುವುದೆಂಬ ಸಂಗತಿ ಎಲ್ಲರ ಮನಸ್ಸಿಗೂ ಬಂದಿಲ್ಲ. ಮಳೆ ಕೆಟ್ಟರೆ ಒಂದು ವರ್ಷದ ಬೆಳೆ ಹೋಗುವುದು. ನೆಲ ಕೆಟ್ಟರೆ ಮಕ್ಕಳ ಕಾಲದ ಬೆಳೆಯೂ ಹೋಗುವುದು. ಇದನ್ನು ವಿವರಿಸುವುದೂ, ಇದಕ್ಕೆ ಒಬ್ಬೊಬ್ಬ ಹಿಡುವಳಿದಾರನೂ ಊರೂ ಮಾಡತಕ್ಕ ಉಪಾಯಗಳನ್ನು ತಿಳಿಸುವುದೂ ಈ ಪತ್ರಿಕೆಯ ಉದ್ದೇಶ.

೨. ನೆಲದ ಸ್ವರೂಪ

ಶಹಾಪುರ, ಸುರಪುರ ಸೀಮೆಗಳು ಕೃಷ್ಣೆ ಭೀಮೆಗಳ ನಡುವೆ ಇವೆ. ಯಾದಗಿರಿ ಪಟ್ಟಣವು ಭೀಮೆಯ ದಂಡೆಯಲ್ಲಿದೆ. ಈ ಮೂರು ಪೇಟೆಗಳೂ ಕಲ್ಲುಬೆಟ್ಟಗಳ ಆಶ್ರಯದಲ್ಲಿ ಬೆಳೆದುವು. ಬೆಟ್ಟದ ಬುಡದಲ್ಲಿ ಮರಡಿ ಮತ್ತು ಕೆಂಪು ಮಸಾರಿ ನೆಲ; ಅಲ್ಲಿಂದ ಹಳ್ಳದ ಕಡೆಗೆ ಇಳಿದಂತೆ ಆಳವಾದ ಎರೆ. ಮಸಾರಿಯು ನೀರನ್ನು ಬೇಗ ಕುಡಿದು ಬೇಗ ಬಿಡುವುದು. ಅದು ಶೇಂಗಾ, ಸಜ್ಜೆ, ಹೆಸರು ಬೆಳೆಗಳಿಗೆ ಒಪ್ಪುವುದು. ಎರೆಯು ನೀರನ್ನು ನಿಧಾನವಾಗಿ ಕುಡಿದು ಬಹುದಿನ ಹಿಡಿದಿಟ್ಟುಕೊಳ್ಳುವುದು. ತೊಯ್ದಾಗ ಉಬ್ಬಿ ಅಂಟಾಗುವುದು. ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುವುದು. ಮಳೆಗಾಲದ ತೇವವನ್ನು ಒಡಲಲ್ಲಿ ಇಟ್ಟುಕೊಂಡು ಚಳಿಗಾಲದಲ್ಲಿ ಮಳೆಯಿಲ್ಲದೆಯೇ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಕುಸುಬೆಯನ್ನೂ ಬೆಳೆಸಿಕೊಡುವ ಶಕ್ತಿ ಈ ಎರೆಗೆ ಉಂಟು.

ಇಲ್ಲಿಯ ಮಳೆಯ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಳುವುದು. ಪೂರ್ವದ ಯಾದಗಿರಿ, ಗುರುಮಠಕಲ್ ಕಡೆಗೆ ಮಳೆ ಹೆಚ್ಚು. ಪಶ್ಚಿಮದ ಸುರಪುರ, ಶಹಾಪುರಗಳ ಕಡೆಗೆ ಕಡಿಮೆ. ನಮ್ಮ ಹಿರಿಯರು ಈ ಏರುಪೇರನ್ನು ಅರಿತು ಒಂದೇ ಬೆಳೆಯನ್ನು ನಂಬದೆ, ಜೋಳ, ತೊಗರಿ, ಹೆಸರು, ಅಗಸೆ, ಕುಸುಬೆಗಳನ್ನು ಸಾಲು ಸಾಲಾಗಿ ಅಕ್ಕಡಿ ಹಾಕುತ್ತಿದ್ದರು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯು ಈ ಎರೆಯ ನೆಲಕ್ಕೆ ಸಲ್ಲಿಸುವ ಮರ್ಯಾದೆಯೇ ಸರಿ.

ಈ ನೆಲದಲ್ಲಿ ಮನುಷ್ಯನ ವಾಸವು ಬಹು ಪ್ರಾಚೀನವಾದುದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ಹೇರಳವಾಗಿ ದೊರೆತಿವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಅಗೆಸಿ ಪರೀಕ್ಷಿಸಿದ ಬೂದಿಯ ದಿಬ್ಬವು ಸುಮಾರು ೪೦೦೦ ವರ್ಷಗಳ ಹಿಂದೆ ದನಗಾಹಿ ಜನರು ಸಗಣಿಯನ್ನು ಕೂಡಿಹಾಕಿ ಸುಟ್ಟುದರಿಂದ ಆದುದೆಂದು ಗೊತ್ತಾಗಿದೆ. ದನಕರುಗಳ ಸಂಪತ್ತು ಈ ಸೀಮೆಗೆ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩. ಮೂರು ಪೇಟೆಗಳು

ಸುರಪುರವು ನಾಯಕ ಮನೆತನದ ರಾಜಧಾನಿಯಾಗಿದ್ದಿತು. ೧೮೪೦ರ ದಶಕದಲ್ಲಿ ಇಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಹೆಸರು ಇಂದಿಗೂ ಜನರ ಬಾಯಲ್ಲಿದೆ. ರಾಜಾ ವೆಂಕಟಪ್ಪ ನಾಯಕನು ೧೮೫೮ರಲ್ಲಿ ಬ್ರಿಟಿಷರಿಗೆ ಎದುರು ನಿಂತು ಮಡಿದ ಮೇಲೆ ಸಂಸ್ಥಾನವು ಅಳಿಯಿತು. ೧೮೬೦ರಲ್ಲಿ ಈ ಸೀಮೆಯು ನಿಜಾಮನಿಗೆ ಸೇರಿತು. ಚಿನ್ನದ ಬಣ್ಣ ಹಚ್ಚಿದ ಸುರಪುರದ ಚಿತ್ರಗಳು ಅರಸರ ಆಶ್ರಯದ ಫಲ. ಆ ಆಶ್ರಯಕ್ಕೆ ಹಣ ಬಂದುದಾದರೂ ಎರೆಯ ಹೊಲಗಳ ಕಂದಾಯದಿಂದಲೇ. ಪೇಟೆಯ ಸಮೀಪದ ಬೋನಾಳದ ಕೆರೆಯು ನಾಯಕರ ಕಾಲದ್ದೆಂದೂ, ಟೇಲರನು ಅದನ್ನು ಹಿಗ್ಗಿಸಿದನೆಂದೂ ಹೇಳುವರು. ಈಗ ಅದು ಹಕ್ಕಿಗಳ ಬೀಡಾಗಿಯೂ ಹೆಸರಾಗಿದೆ. ವಚನಕಾರ ದೇವರ ದಾಸಿಮಯ್ಯನ ಊರಾದ ಮುದನೂರೂ, ಕಮ್ಮಾರ ಬಡಗಿಗಳಾದಿಯಾಗಿ ಎಲ್ಲ ಕುಲದವರೂ ನಡೆದುಕೊಳ್ಳುವ ಮೌನೇಶ್ವರನ ತಿಂಥಿಣಿಯೂ ಈ ಸೀಮೆಯಲ್ಲಿಯೇ ಇವೆ. ಒಬ್ಬನು ನೇಕಾರ, ಇನ್ನೊಬ್ಬನು ಕಸಬುದಾರರ ಗುರು. ಒಕ್ಕಲುತನವೂ ಕಸಬೂ ಒಂದನ್ನೊಂದು ಹೊತ್ತು ನಡೆದ ನಾಡು ಇದು.

ಶಹಾಪುರವು ಬೆಟ್ಟಕ್ಕೂ ಬಯಲಿಗೂ ನಡುವಣ ಪೇಟೆ. ಮಲಗಿದ ಬುದ್ಧನಂತೆ ಕಾಣುವ ಅಲ್ಲಿಯ ಬೆಟ್ಟವು ದೂರದವರಿಗೂ ಪರಿಚಿತ. ಕಾಲುವೆಯ ಕೆಲಸವು ಆರಂಭವಾದ ಮೇಲೆ ಸಮೀಪದ ಭೀಮರಾಯನಗುಡಿಯಲ್ಲಿ ನೀರಾವರಿಯ ಕಚೇರಿಗಳು ನಿಂತುವು. ಅಲ್ಲಿಯೇ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯವೂ ಇದೆ.

ಯಾದಗಿರಿಯ ಏಳಿಗೆಗೆ ಕೋಟೆಗಿಂತ ರೈಲುದಾರಿಯೇ ಹೆಚ್ಚು ಕಾರಣ. ಮುಂಬಯಿಯಿಂದ ಬಂದ ದಾರಿಯು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. ಆ ದಾರಿಯ ಮೇಲಿರುವುದರಿಂದ ಯಾದಗಿರಿಯ ಹತ್ತಿ, ತೊಗರಿ, ಶೇಂಗಾಗಳಿಗೆ ದೂರದ ಪೇಟೆ ದೊರೆಯಿತು. ಈ ಸೀಮೆಯು ೧೯೪೮ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಬಹುಕಾಲ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದು ೨೦೧೦ರಲ್ಲಿ ಯಾದಗಿರಿಯೇ ಜಿಲ್ಲೆಯ ಮುಖ್ಯಸ್ಥಳವಾಯಿತು. ಸಂಕ್ರಾಂತಿಯ ಕಾಲಕ್ಕೆ ನಡೆಯುವ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸುತ್ತಣ ಸೀಮೆಗಳ ಒಕ್ಕಲಿಗರೂ ಕುರುಬರೂ ಕೂಡುವರು.

ಈ ಮೂರು ಪೇಟೆಗಳಲ್ಲಿ ದೊಡ್ಡ ಕಾರ್ಖಾನೆಗಳಿಂದ ಬಾಳುವವರು ಕೆಲವರೇ. ಹತ್ತಿಯ ಅರಳೆ ತೆಗೆಯುವ ಯಂತ್ರ, ತೊಗರಿಯ ಬೇಳೆ ಮಾಡುವ ಗಿರಣಿ, ಅಕ್ಕಿಯ ಗಿರಣಿ, ಬೀಜ ಗೊಬ್ಬರದ ಅಂಗಡಿ, ಇವೆಲ್ಲವೂ ಹೊಲವನ್ನು ನಂಬಿದವು. ಹೊಲವು ನಿಂತರೆ ಇವೂ ನಿಲ್ಲುವುವು.

೪. ಕಾಲುವೆ ಬಂದ ಮೇಲೆ

ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರವು, ೧೯೮೨ರಲ್ಲಿ ಸಿದ್ಧವಾಯಿತು. ಅಲ್ಲಿಂದ ಹೊರಟ ಎಡದಂಡೆಯ ಮುಖ್ಯ ಕಾಲುವೆಯ ಉದ್ದವು ೭೮ ಕಿಲೋಮೀಟರು. ಅದರಿಂದಲೂ ಹುಣಸಗಿ, ಶಹಾಪುರ, ಮುದಬಾಳ, ಜೇವರ್ಗಿ, ಇಂಡಿ ಎಂಬ ಶಾಖೆಗಳಿಂದಲೂ ಮೊದಲು ಮಳೆಯನ್ನೇ ನಂಬಿದ್ದ ಹೊಲಗಳಿಗೆ ನೀರು ಹರಿಯಿತು. ಇದರಿಂದಾದ ಉಪಕಾರವು ಕಡಮೆಯಲ್ಲ. ಒಂದು ಬೆಳೆಯ ನೆಲದಲ್ಲಿ ಎರಡು ಬೆಳೆಯಾದುವು, ಮೇವು ಹೆಚ್ಚಿತು, ಪೇಟೆಗಳಿಗೆ ಹೊಸ ವ್ಯಾಪಾರ ಬಂದಿತು.

ಈ ಯೋಜನೆಯ ನೀರು ಹೆಚ್ಚಾಗಿ ಜೋಳ, ಶೇಂಗಾ, ಹತ್ತಿ, ಕಾಳುಗಳಂಥ ಲಘು ನೀರಾವರಿ ಬೆಳೆಗಳಿಗೆಂದು ಏರ್ಪಟ್ಟುದು. ಆದರೆ ಕಾಲುವೆಯ ತಲೆಯ ಕಡೆಯ ಹೊಲಗಳಲ್ಲಿ ಭತ್ತವೇ ಹರಡಿತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಒಕ್ಕಲುಗಳು ಈ ಬೆಳೆಯಲ್ಲಿ ನುರಿತವರು. ಅವರನ್ನು ನೋಡಿ ಇಲ್ಲಿಯವರೂ ಹಿಡಿದರು. ಭತ್ತಕ್ಕೆ ಬೆಲೆಯೂ ಗಿರಾಕಿಯೂ ನಿಶ್ಚಯವಾದುದರಿಂದ ಅದರ ಮೇಲೆ ಆಸೆ ಹುಟ್ಟುವುದು ಸಹಜವೇ. ಆದರೂ ಲೆಕ್ಕವನ್ನು ನೋಡಬೇಕು. ಒಂದು ಎಕರೆ ಭತ್ತಕ್ಕೆ ಸುಮಾರು ೪೮ ಅಂಗುಲ ನೀರು ಬೇಕಾದರೆ, ಜೋಳಕ್ಕೆ ಸುಮಾರು ೨೦ ಅಂಗುಲ ಸಾಕು. ಅಂದರೆ ತಲೆಯ ಕಡೆಯ ಒಂದು ಎಕರೆ ಭತ್ತವು ಕೊನೆಯ ಕಡೆಯ ಎರಡು ಎಕರೆಗೂ ಮಿಕ್ಕ ಜೋಳದ ನೀರನ್ನು ಕುಡಿಯುವುದು. ಕಾಲುವೆಯ ಕೊನೆಯ ಗ್ರಾಮಗಳಲ್ಲಿ ಕೇಳಿಬರುವ ದೂರಿನ ಬೇರು ಇಲ್ಲಿಯೇ ಇದೆ.

೫. ಸವಳು ಜವಳು ಹುಟ್ಟುವ ಬಗೆ

ಕೊನೆಯವನಿಗೆ ನೀರು ಮುಟ್ಟದಿರುವುದು ಅವನೊಬ್ಬನ ನಷ್ಟವೆಂದು ತಲೆಯ ಕಡೆಯವರು ತಿಳಿಯಬಾರದು. ಹೆಚ್ಚು ನೀರು ಕುಡಿದ ಹೊಲಕ್ಕೂ ಕೇಡು ತಪ್ಪದು. ಅದರ ಬಗೆ ಹೀಗೆ:

ಎರೆಯ ಅಡಿಯಲ್ಲಿ ನೀರು ಇಳಿದುಹೋಗುವುದು ಬಹಳ ನಿಧಾನ. ವರ್ಷವರ್ಷವೂ ನೀರು ನಿಲ್ಲಿಸಿದರೆ ಅಡಿಯ ನೀರಿನ ಮಟ್ಟವು ಮೇಲೇರುತ್ತ ಬರುವುದು. ಬೇರಿಗೆ ಗಾಳಿಯಾಡದೆ ಬೆಳೆಯು ಹಳದಿಯಾಗುವುದು, ಇದು ಜವಳು. ಆ ಮೇಲೆ ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಮಣ್ಣು ಅಡಿಯ ನೀರನ್ನು ಮೇಲಕ್ಕೆಳೆಯುವುದು. ಬಿಸಿಲಿಗೆ ನೀರು ಆರುವುದು, ನೀರಿನಲ್ಲಿದ್ದ ಉಪ್ಪು ಮಾತ್ರ ಮೇಲುಮಣ್ಣಿನಲ್ಲಿ ಉಳಿಯುವುದು, ಇದು ಸವಳು.

ಸಿಹಿನೀರಿನಲ್ಲಿಯೂ ಸ್ವಲ್ಪ ಉಪ್ಪು ಇದ್ದೇ ಇರುವುದು. ಸಾವಿರ ಲೀಟರು ನೀರಿನಲ್ಲಿ ಕಾಲು ಕಿಲೋ ಉಪ್ಪಿದೆಯೆಂದು ಇಟ್ಟುಕೊಳ್ಳೋಣ. ಒಂದು ಎಕರೆಗೆ ೪೮ ಅಂಗುಲ ನೀರೆಂದರೆ ಸುಮಾರು ೪೯ ಲಕ್ಷ ಲೀಟರು. ಅದರೊಡನೆ ಬಂದ ಉಪ್ಪು ಸುಮಾರು ೧೨ ಕ್ವಿಂಟಲು. ಬಸಿದುಹೋಗಲು ದಾರಿಯಿಲ್ಲದ ಹೊಲದಲ್ಲಿ ಇದು ಕೂಡುತ್ತಲೇ ಹೋಗುವುದು. ಯಾವ ಒಕ್ಕಲಿಗನೂ ತನ್ನ ಹೊಲಕ್ಕೆ ವರ್ಷಕ್ಕೆ ಹನ್ನೆರಡು ಕ್ವಿಂಟಲು ಉಪ್ಪನ್ನು ಹೊತ್ತು ಚೆಲ್ಲುವುದಿಲ್ಲ. ಆದರೆ ಮಿತಿಯಿಲ್ಲದ ನೀರು ಆ ಕೆಲಸವನ್ನು ಸದ್ದಿಲ್ಲದೆ ಮಾಡುವುದು.

ಇದು ಬರಿಯ ಊಹೆಯಲ್ಲ. ನೆರೆಯ ತುಂಗಭದ್ರಾ ಯೋಜನೆಯ ನೀರು ೧೯೫೩ರಿಂದ ಹರಿದ ಗಂಗಾವತಿ, ಸಿಂಧನೂರು, ಸಿರುಗುಪ್ಪ ಸೀಮೆಗಳಲ್ಲಿ ಸಾವಿರಾರು ಎಕರೆ ಎರೆಯ ನೆಲವು ಸವಳಾಯಿತು. ಆ ನೆಲವನ್ನು ತಿದ್ದುವ ಬಗೆಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲದಿಂದ ಶೋಧಿಸುತ್ತಿದ್ದಾರೆ. ನೆರೆಯವರ ಅನುಭವದಿಂದ ಕಲಿಯುವವನಿಗೆ ವೆಚ್ಚ ಕಡಿಮೆ.

೬. ಗುರುತುಗಳು

ಕೆಳಗಣ ಗುರುತುಗಳಲ್ಲಿ ಯಾವುದೊಂದು ಕಂಡರೂ ತಡಮಾಡಕೂಡದು.

(ಅ) ಬೇಸಗೆಯಲ್ಲಿ ಬದುವಿನ ಮೇಲೂ ಸಾಲಿನ ನೆತ್ತಿಯಲ್ಲೂ ಬಿಳಿಯ ಪುಡಿ ಕಾಣುವುದು.
(ಆ) ಬೀಜವು ತೇಪೆತೇಪೆಯಾಗಿ ಮೊಳೆಯುವುದು. ಎಲೆಯ ಅಂಚು ಸುಟ್ಟಂತಾಗುವುದು.
(ಇ) ಮಳೆಯ ನೀರು ಇಂಗದೆ ಕದಡಿ ನಿಲ್ಲುವುದು. ಆರಿದಾಗ ಮೇಲುಮಣ್ಣು ಕಲ್ಲಿನಂತಾಗುವುದು. ಇದು ಕ್ಷಾರದ ಗುರುತು. ಬರಿಯ ಸವಳಿಗಿಂತ ಕಷ್ಟವಾದುದು.
(ಈ) ತೊಗರಿ, ಕಡಲೆ, ಹೆಸರು ಮೊದಲು ಸೊರಗುವುವು. ಹತ್ತಿಯು ಕೆಲಕಾಲ ತಾಳುವುದು.
(ಉ) ಊರ ಬಾವಿಯ ನೀರು ಕಾಲುವೆಯ ಕಾಲದಲ್ಲಿ ನೆಲದಿಂದ ೬ ಅಡಿಗಿಂತ ಮೇಲಕ್ಕೆ ಬರುವುದು. ಅಡಿಯ ನೀರು ಹೀಗೆ ಏರಿದ ಊರಲ್ಲಿ ಹಗೇವಿನಲ್ಲಿಯೂ ಕಾಳು ಉಳಿಯದು.

೭. ಹಿಡುವಳಿದಾರನು ಮಾಡತಕ್ಕದ್ದು

ಮೊದಲನೆಯದಾಗಿ, ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸತಕ್ಕದ್ದು. ಸುರಪುರ ಸೀಮೆಯ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೈತ ಸಂಪರ್ಕ ಕೇಂದ್ರಗಳಲ್ಲಿಯೂ ವಿಚಾರಿಸಬಹುದು. ಸವಳೋ ಕ್ಷಾರವೋ ಎಂಬುದನ್ನು ತಿಳಿಯದೆ ಮದ್ದು ಹಾಕುವುದು, ರೋಗವನ್ನು ಅರಿಯದೆ ಔಷಧ ಕೊಟ್ಟಂತೆ.

ಎರಡನೆಯದಾಗಿ, ಹೊಲದ ತಗ್ಗಿನ ಅಂಚಿನಲ್ಲಿ ೩ರಿಂದ ೪ ಅಡಿ ಆಳದ ಬಸಿಗಾಲುವೆಯನ್ನು ತೆಗೆದು ಹಳ್ಳಕ್ಕೆ ಕೂಡಿಸತಕ್ಕದ್ದು. ಅನುಕೂಲವುಳ್ಳವರು ರಂಧ್ರವುಳ್ಳ ಕೊಳವೆಗಳನ್ನು ನೆಲದಡಿ ಹೂಳಿಸಬಹುದು. ಕ್ಷಾರವಿದ್ದಲ್ಲಿ ಪರೀಕ್ಷೆಯಲ್ಲಿ ಗೊತ್ತಾದ ಪ್ರಮಾಣದ ಜಿಪ್ಸಂ ಅನ್ನು ಮೇಲುಮಣ್ಣಿನಲ್ಲಿ ಬೆರೆಸಿ, ನೀರು ಕಟ್ಟಿ, ಬಸಿಯಲು ಬಿಡತಕ್ಕದ್ದು. ಬಸಿಗಾಲುವೆಯಿಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ಹಣವನ್ನು ನೀರಿನಲ್ಲಿ ಬಿಟ್ಟಂತೆ.

ಮೂರನೆಯದಾಗಿ, ಹೊಲದಿಂದ ಹೊಲಕ್ಕೆ ನೀರು ಉಕ್ಕಿಸುವ ರೂಢಿಯನ್ನು ಬಿಟ್ಟು ಹೊಲಗಾಲುವೆಯಿಂದ ಹಾಯಿಸತಕ್ಕದ್ದು. ಹತ್ತಿಗೆ ಸಾಲು ಬಿಟ್ಟು ಸಾಲಿನಲ್ಲಿ ನೀರು ಕೊಟ್ಟರೆ ಸಾಕು. ರಾತ್ರಿಯೆಲ್ಲ ನೀರು ಬಿಟ್ಟು ಮಲಗುವುದು ನೀರಿಗೂ ನೆಲಕ್ಕೂ ಅನ್ಯಾಯ.

ನಾಲ್ಕನೆಯದಾಗಿ, ಭತ್ತದ ಮೇಲೆ ಭತ್ತ ಹಾಕಕೂಡದು. ಹಿಂಗಾರಿಗೆ ಮಾಲದಂಡಿ ಜೋಳ, ಕುಸುಬೆ, ಕಡಲೆ ಇವುಗಳಲ್ಲೊಂದನ್ನು ಸರದಿಯಲ್ಲಿ ತರುವುದು ಒಳ್ಳೆಯದು. ಸವಳು ತೋರಿದಲ್ಲಿ ಹತ್ತಿ, ಕುಸುಬೆಗಳು ಕಡಲೆಗಿಂತ ತಾಳಿಕೆಯವು. ಡಯಾಂಚವನ್ನು ಬಿತ್ತಿ ಹೂ ಬಿಡುವ ಮುನ್ನ ಮಣ್ಣಿಗೆ ಸೇರಿಸಿದರೆ ನೆಲವು ಸಡಿಲವಾಗುವುದು.

೮. ಊರು ಒಟ್ಟಾಗಿ ಮಾಡತಕ್ಕದ್ದು

ಒಬ್ಬನು ತೆಗೆದ ಬಸಿಗಾಲುವೆಯು ಕೆಳಗಿನವನ ಹೊಲದಲ್ಲಿ ಕೊನೆಗೊಂಡರೆ ಮೇಲಿನವನ ರೋಗವು ಕೆಳಗಿನವನಿಗೆ ಹತ್ತುವುದು. ಆದುದರಿಂದ ಇದು ಊರಿನ ಕೆಲಸ. ವಂಶಪಾರಂಪರ್ಯವಾಗಿ ಬಂದ ಗೌಡಕಿ, ಕುಲಕರ್ಣಿಕೆಗಳು ೧೯೬೦ರ ದಶಕದಲ್ಲಿ ರದ್ದಾದುವು. ಆದರೆ ಮುಂದೆ ನಿಂತು ಹತ್ತು ಜನರನ್ನು ಕೂಡಿಸುವ ಹೊಣೆಯು ರದ್ದಾಗಲಿಲ್ಲ. ಪಂಚಾಯತಿಯ ಸದಸ್ಯರೂ, ನೀರು ಬಳಕೆದಾರರ ಸಹಕಾರ ಸಂಘದವರೂ, ಊರ ಹಿರಿಯರೂ ಈ ನಾಲ್ಕು ಕೆಲಸಗಳನ್ನು ವಹಿಸಿಕೊಳ್ಳಬೇಕು.

(೧) ಊರ ತಗ್ಗುಗಳನ್ನು ನಡೆದು ನೋಡಿ, ಎಲ್ಲ ಹೊಲಗಳ ಬಸಿಗಾಲುವೆಗಳೂ ಹಳ್ಳವನ್ನು ಮುಟ್ಟುವಂತೆ ಒಂದೇ ದಾರಿಯನ್ನು ಗೊತ್ತುಮಾಡುವುದು. ಹಳ್ಳದಲ್ಲಿ ಬೆಳೆದ ಜಾಲಿಯನ್ನೂ ಆಪನ್ನೂ ಬೇಸಗೆಯಲ್ಲಿ ಕಡಿಸುವುದು.

(೨) ಒಂದು ಬಾವಿಯನ್ನು ಆರಿಸಿ, ತಿಂಗಳಿಗೊಮ್ಮೆ ನೀರಿನ ಆಳವನ್ನು ಹಗ್ಗದಿಂದ ಅಳೆದು ಚಾವಡಿಯ ಗೋಡೆಯ ಮೇಲೆ ಬರೆಸುವುದು. ಮೂರು ವರ್ಷದ ಲೆಕ್ಕವು ಕಣ್ಣೆದುರಿಗೆ ಇದ್ದರೆ ವಾದಕ್ಕೆ ಎಡೆಯಿರದು.

(೩) ವಾರಬಂದಿಯ ಸರದಿಯನ್ನು ತಲೆಯಿಂದ ಕೊನೆಯವರೆಗೆ ಎಲ್ಲರಿಗೂ ತಿಳಿಯುವಂತೆ ಬರೆದು ಹಚ್ಚುವುದು. ಬಾಗಿಲು ಮುರಿದು ನೀರು ತಿರುಗಿಸಿದವನು ಸ್ವಂತ ಅಣ್ಣನೇ ಆದರೂ ಮುಖ ನೋಡದೆ ತಡೆಯುವುದು. ಕೊನೆಯ ಹೊಲದವನಿಗೆ ನೀರು ಮುಟ್ಟಿದ ಊರೇ ನೀರಾವರಿಯ ಊರು.

(೪) ಕಾಲುವೆ ಬಂದಿತೆಂದು ಹಳೆಯ ಕೆರೆಗಳನ್ನು ಮರೆಯದಿರುವುದು. ಕೆರೆಯ ಗೋಡನ್ನು ತೆಗೆದು ಮಸಾರಿ ಹೊಲಗಳಿಗೆ ಹಾಕಿದರೆ ಕೆರೆಗೂ ಹೊಲಕ್ಕೂ ಲಾಭ. ಎರೆಯ ಹೊಲಕ್ಕೆ ಅದರ ಅಗತ್ಯವಿಲ್ಲ.

೯. ಕಾಲುವೆಯಿಲ್ಲದ ಊರುಗಳ ವಿಷಯ

ಯಾದಗಿರಿ ಸೀಮೆಯಲ್ಲಿ ಹತ್ತಿಕುಣಿ, ಸೌದಾಗರ ಜಲಾಶಯಗಳಿಂದ ಕೆಲವು ಊರುಗಳಿಗೆ ನೀರಿದೆ. ಮೂರೂ ಸೀಮೆಗಳಲ್ಲಿ ಇಂದಿಗೂ ಖುಷ್ಕಿಯಾಗಿರುವ ಊರುಗಳು ಬಹಳ. ಅಂಥವರು ತಮ್ಮನ್ನು ನಿರ್ಭಾಗ್ಯರೆಂದು ತಿಳಿಯಬೇಕಾದುದಿಲ್ಲ. ಅವರ ಎರೆಯು ಕೆಡದೆ ಉಳಿದಿದೆ. ಅದೇ ಅವರ ಬಂಡವಾಳ. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತುವುದು, ಬದುವನ್ನು ವರ್ಷವೂ ದುರಸ್ತಿ ಮಾಡುವುದು, ತೊಗರಿಯ ಜೊತೆಗೆ ಹೆಸರನ್ನೋ ಸಜ್ಜೆಯನ್ನೋ ಅಕ್ಕಡಿಯಾಗಿ ಹಾಕುವುದು, ನೆಟೆರೋಗ ತಾಳುವ ತೊಗರಿಯ ತಳಿಯನ್ನು ಆರಿಸುವುದು, ಇವು ಸುಲಭವಾದ ಉಪಾಯಗಳು. ನೆರೆಯ ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ಎರೆಯ ಖುಷ್ಕಿ ಬೆಳೆಯ ಗುಣಕ್ಕೆ ಸಂದ ಮನ್ನಣೆಯಾಗಿದೆ.

ಸಗಣಿಯ ವಿಷಯದಲ್ಲಿ ಒಂದು ಮಾತು. ಬೂದಿಹಾಳದ ಪ್ರಾಚೀನರು ಸಗಣಿಯನ್ನು ಸುಟ್ಟು ದಿಬ್ಬ ಮಾಡಿದರು. ಅವರಿಗೆ ನೆಲವು ಹೇರಳವಾಗಿದ್ದಿತು. ನಮಗೆ ಇರುವುದು ಹಂಚಿ ಹಂಚಿ ಉಳಿದ ಕೆಲವು ಎಕರೆಗಳು ಮಾತ್ರ. ಆದುದರಿಂದ ಕುಳ್ಳು ತಟ್ಟುವುದನ್ನು ಕಡಮೆ ಮಾಡಿ, ಸಗಣಿ, ಗಂಜಲ, ಕಸಗಳನ್ನು ತಿಪ್ಪೆಯ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ಕೊಳೆಸತಕ್ಕದ್ದು. ಹತ್ತಿಯ ಕಟ್ಟಿಗೆಯೂ ತೊಗರಿಯ ಕಟ್ಟಿಗೆಯೂ ಒಲೆಗೆ ಇದ್ದೇ ಇವೆ.

೧೦. ಕೊನೆಯ ಮಾತು

ಬೇಸಗೆ ಬಂತೆಂದರೆ ಈ ಸೀಮೆಯ ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬೀಳುವುದು. ಬೆಂಗಳೂರು, ಪುಣೆ, ಮುಂಬಯಿಗಳಿಗೆ ಜನರು ಗುಳೇ ಹೋಗುವರು. ಮಕ್ಕಳ ಓದು ನಡುವೆ ನಿಲ್ಲುವುದು. ಮುದುಕರು ದನಗಳೊಡನೆ ಊರಲ್ಲಿ ಉಳಿಯುವರು. ಪೇಟೆಯ ಅಂಗಡಿಕಾರನಿಗೂ ಗಿರಾಕಿಯಿಲ್ಲ. ಗುಳೆಗೆ ಕಾರಣಗಳು ಹಲವು. ಮಳೆ, ಸಾಲ, ಬೆಲೆ ಇವು ಹಿಡುವಳಿದಾರನ ಕೈಯಲ್ಲಿಲ್ಲ. ಆದರೆ ನೀರನ್ನು ಅಳತೆಯಿಂದ ಬಳಸುವುದೂ, ಬಸಿಗಾಲುವೆ ತೆಗೆಯುವುದೂ, ಕೊನೆಯವನ ಪಾಲನ್ನು ಬಿಡುವುದೂ ನಮ್ಮ ಕೈಯಲ್ಲಿವೆ. ಸವಳಾದ ಹೊಲದವನೂ ನೀರು ಮುಟ್ಟದ ಹೊಲದವನೂ ಒಂದೇ ರೈಲಿನಲ್ಲಿ ಊರು ಬಿಡುವರೆಂಬುದನ್ನು ತಲೆಯ ಕಡೆಯ ಹಿಡುವಳಿದಾರರು ಮನಗಾಣಬೇಕು.

ಊರ ಮುಖಂಡರು ಈ ಪತ್ರಿಕೆಯನ್ನು ಓದಲು ಬಾರದವರಿಗೂ ಚಾವಡಿಯಲ್ಲಿ ಓದಿಸಿ ಹೇಳತಕ್ಕದ್ದು. ಮುಂದಿನ ಕಾಲುವೆಯ ನೀರು ಬಿಡುವುದಕ್ಕೆ ಮುಂಚೆಯೇ ಬಾವಿಯ ಮೊದಲನೆಯ ಅಳತೆಯನ್ನು ಗೋಡೆಯ ಮೇಲೆ ಬರೆಯಿಸತಕ್ಕದ್ದು.